ಜನಿವಾರ, ಶಿಲುಬೆ, ಬುರ್ಖಾ: ‘ಅಲೈಗಳ್ ಓಯ್ವದಿಲ್ಲೈ’ ಮತ್ತು ನಮ್ಮ ಮನೆಯ ಪ್ರಶ್ನೆ

ತಮಿಳು ಸಿನಿಮಾ ನೋಡುವ ಯಾರನ್ನೇ ಕೇಳಿ, ‘ಅಲೈಗಳ್ ಓಯ್ವದಿಲ್ಲೈ’ ಅಂದ ಕೂಡಲೇ ಎರಡು ಸಂಗತಿ ಹೇಳುತ್ತಾರೆ. ಒಂದು ಇಳಯರಾಜಾ ಅವರ ಹಾಡುಗಳು. ಇನ್ನೊಂದು ಕೊನೆಯ ದೃಶ್ಯ. ಬ್ರಾಹ್ಮಣ ಹುಡುಗ ವಿಚ್ಚು ತನ್ನ ಜನಿವಾರ ಕಿತ್ತು ಎಸೆಯುತ್ತಾನೆ. ಕ್ರಿಶ್ಚಿಯನ್ ಹುಡುಗಿ ಮೇರಿ ಕೊರಳಿನ ಶಿಲುಬೆಯನ್ನು ತೆಗೆದು ಬಿಡುತ್ತಾಳೆ. ಇಬ್ಬರೂ ಊರಿಗೆ ಬೆನ್ನು ಹಾಕಿ ಹೊರಟು ಹೋಗುತ್ತಾರೆ. ಅಲೆಗಳು ವಿರಮಿಸುವುದಿಲ್ಲ ಎಂಬುದು ಚಿತ್ರದ ಹೆಸರಿನ ಅರ್ಥ.

1981ರಲ್ಲಿ ಬಂದ ಈ ಚಿತ್ರವನ್ನು ಹೊಗಳುವವರೂ ಬೈಯುವವರೂ ಇವತ್ತಿಗೂ ಈ ಒಂದೇ ದೃಶ್ಯವನ್ನು ಹಿಡಿದುಕೊಂಡು ಮಾತಾಡುತ್ತಾರೆ. ಜಾತಿ ಮತ ಮೀರಿದ ಪ್ರೇಮ ಅಂತ ಒಬ್ಬರು, ಧರ್ಮವನ್ನು ಬೀದಿಗೆ ಬಿಸಾಡಿದ ಚಿತ್ರ ಅಂತ ಇನ್ನೊಬ್ಬರು. ನನ್ನ ಮಟ್ಟಿಗೆ ಈ ಜಗಳದಲ್ಲಿ ಸಿನಿಮಾದ ಮುಖ್ಯ ಮಾತೇ ಕಳೆದು ಹೋಗಿದೆ. ಇಡೀ ಚಿತ್ರದಲ್ಲಿ ಆ ಹುಡುಗಿಯನ್ನು ಕಟ್ಟಿ ಹಾಕಿರುವುದು ಧರ್ಮವಲ್ಲ, ಒಬ್ಬ ಅಣ್ಣನ ಮಾನದ ಲೆಕ್ಕ. ಅದನ್ನು ಸಿನಿಮಾ ಚೆನ್ನಾಗಿ ತೋರಿಸುತ್ತದೆ. ಆಮೇಲೆ ಕೊನೆಯ ಐದು ನಿಮಿಷದಲ್ಲಿ ತಾನೇ ಅದನ್ನು ಮರೆತುಬಿಡುತ್ತದೆ. ಮುಸ್ಲಿಂ ಓದುಗರಾದ ನಮಗೆ, ಅದರಲ್ಲೂ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ, ಈ ಮರೆವನ್ನು ಗಮನಿಸುವುದು ಬಹಳ ಅಗತ್ಯ.

ಮೊದಲು ಈ ಸಿನಿಮಾ ಎಲ್ಲಿಂದ ಬಂತು ಅಂತ ನೋಡೋಣ. 1970ರ ದಶಕದ ನಡುವಿನವರೆಗೂ ತಮಿಳು ಸಿನಿಮಾದ ಹಳ್ಳಿ ಅಂದರೆ ಹೆಚ್ಚಾಗಿ ಮದ್ರಾಸಿನ ಕೋಡಂಬಾಕ್ಕಂ ಸುತ್ತಮುತ್ತಲಿನ ಸ್ಟುಡಿಯೋಗಳಲ್ಲಿ ಕಟ್ಟಿದ ಸೆಟ್ಟು. ಎವಿಎಂ, ವಾಹಿನಿಯಂಥ ಸ್ಟುಡಿಯೋಗಳ ಒಳಗೇ ಗುಡಿಸಲು, ಬಾವಿಕಟ್ಟೆ, ಆಲದ ಮರ ಎಲ್ಲವೂ ಸಿದ್ಧವಾಗುತ್ತಿದ್ದವು. ಇದನ್ನು ಬದಲಿಸಿದವರಲ್ಲಿ ಭಾರತಿರಾಜಾ ಮುಖ್ಯರು. 1977ರ ‘16 ವಯದಿನಿಲೇ’ ಚಿತ್ರದಲ್ಲಿ ಅವರು ಕ್ಯಾಮೆರಾವನ್ನು ಸ್ಟುಡಿಯೋ ಗೇಟಿನಿಂದ ಹೊರಗೆ ತಂದರು. ಕನ್ನಡದವರು ಹೆಮ್ಮೆಪಡುವ ಮಾತೆಂದರೆ, ತಮಿಳು ಹಳ್ಳಿಯನ್ನು ಹಾಗೆ ತೋರಿಸಿದ ಆ ಚಿತ್ರದ ಚಿತ್ರೀಕರಣ ನಡೆದದ್ದು ನಮ್ಮ ಕೊಳ್ಳೇಗಾಲದ ಕಡೆ. ಭಾರತಿರಾಜಾ ಸಿನಿಮಾ ಕೆಲಸ ಕಲಿತದ್ದೂ ನಮ್ಮ ಪುಟ್ಟಣ್ಣ ಕಣಗಾಲರ ಕೈಕೆಳಗೆ ಸಹಾಯಕರಾಗಿ.

ಈ ಗುರು ಶಿಷ್ಯ ಸಂಬಂಧ ನಮ್ಮ ಚರ್ಚೆಗೆ ಬೇಕು. ಪುಟ್ಟಣ್ಣನವರ 1972ರ ‘ನಾಗರಹಾವು’ ನೆನಪು ಮಾಡಿಕೊಳ್ಳಿ. ಚಿತ್ರದುರ್ಗದ ರಾಮಾಚಾರಿ ಹಿಂದೂ, ಮಾರ್ಗರೆಟ್ ಕ್ರಿಶ್ಚಿಯನ್. ಊರು ಬೇಡ ಅನ್ನುತ್ತದೆ. ರಾಮಾಚಾರಿ ದೇವರಂತೆ ಕಾಣುವ ಚಾಮಯ್ಯ ಮೇಷ್ಟ್ರೂ ಬೇಡ ಅನ್ನುತ್ತಾರೆ. ಕೊನೆಗೆ ಬೆಟ್ಟದ ತುದಿಯಲ್ಲಿ ಮೇಷ್ಟ್ರ ಜೀವವೂ ಹೋಗುತ್ತದೆ, ಪ್ರೇಮಿಗಳ ಜೀವವೂ ಹೋಗುತ್ತದೆ. ಒಂಬತ್ತು ವರ್ಷದ ಬಳಿಕ ಶಿಷ್ಯ ಅದೇ ಹಿಂದೂ ಹುಡುಗ, ಕ್ರಿಶ್ಚಿಯನ್ ಹುಡುಗಿಯ ಕಥೆಯನ್ನು ಕೈಗೆತ್ತಿಕೊಂಡಾಗ ಇಬ್ಬರನ್ನೂ ಬದುಕಿಸಿದರು. ಇದು ಸಣ್ಣ ಸಂಗತಿಯಲ್ಲ. ಮತ ಮೀರಿದ ಪ್ರೇಮಕ್ಕೆ ಸಾವೇ ಮುಕ್ತಾಯ ಅನ್ನುವುದು ನಮ್ಮ ಸಿನಿಮಾಗಳಲ್ಲಿ ಒಂದು ರೂಢಿಯೇ ಆಗಿಬಿಟ್ಟಿದ್ದಾಗ, ಸಾಯಬೇಕಾಗಿಲ್ಲ ಅಂತ ಈ ಚಿತ್ರ ಹೇಳಿತು. ಆ ಶ್ರೇಯಸ್ಸು ಅದಕ್ಕೆ ಸಲ್ಲಲೇಬೇಕು.

ಇನ್ನು ಕಥೆಗೆ ಬರೋಣ. ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂ ಕಡಲತೀರದಲ್ಲಿ ಚಿತ್ರೀಕರಿಸಿದ ಊರು. ವಿಚ್ಚುವಿನ ತಾಯಿ (ಕಮಲಾ ಕಾಮೇಶ್) ಸಂಗೀತ ಹೇಳಿಕೊಡುವ ಬಡ ಹೆಂಗಸು. ಮೇರಿ ಅವರ ಮನೆಗೆ ಸಂಗೀತ ಕಲಿಯಲು ಬರುತ್ತಾಳೆ. ವಿಚ್ಚುವಾಗಿ ನಟ ಮುತ್ತುರಾಮನ್ ಅವರ ಮಗ ಕಾರ್ತಿಕ್, ಮೇರಿಯಾಗಿ ರಾಧಾ. ಇಬ್ಬರಿಗೂ ಇದು ಮೊದಲ ಚಿತ್ರ. ರಾಧಾ ಯಾರೆಂದರೆ, ‘ಚಲಿಸುವ ಮೋಡಗಳು’ ಚಿತ್ರದಲ್ಲಿ ರಾಜ್‌ಕುಮಾರ್ ಜೊತೆ ನಟಿಸಿದ ಅಂಬಿಕಾ ಅವರ ತಂಗಿ. ಮೇರಿಯ ಅಣ್ಣ ಡೇವಿಡ್ (ತ್ಯಾಗರಾಜನ್) ಊರಿಗೇ ಹೆದರಿಕೆ ಹುಟ್ಟಿಸುವ ಸಿರಿವಂತ. ಅವನ ಹೆಂಡತಿ ಎಲಿಜಬೆತ್ ಪಾತ್ರದಲ್ಲಿ ಸಿಲ್ಕ್ ಸ್ಮಿತಾ.

ಈ ಮನೆಗಳ ಜೋಡಣೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಂದು ಬ್ರಾಹ್ಮಣ ಮನೆ, ಅಲ್ಲಿ ದುಡ್ಡಿಲ್ಲ, ವಿದ್ಯೆ ಇದೆ. ಇನ್ನೊಂದು ಕ್ರಿಶ್ಚಿಯನ್ ಮನೆ, ಅಲ್ಲಿ ದುಡ್ಡಿದೆ, ದರ್ಪವಿದೆ. ಮೊದಲ ಮನೆಯ ಬಾಗಿಲು ಬೇರೆ ಧರ್ಮದ ಹುಡುಗಿಗೆ ತೆರೆದಿದೆ. ಅವಳು ಬಂದು ಕೂರಬಹುದು, ಹಾಡಬಹುದು. ಸಂಗೀತದ ತನಕ ಯಾರಿಗೂ ತಕರಾರಿಲ್ಲ. ಹುಡುಗಿ ತನ್ನ ಬದುಕಿನ ಬಗ್ಗೆ ತಾನೇ ಒಂದು ತೀರ್ಮಾನ ತೆಗೆದುಕೊಂಡ ಕ್ಷಣದಲ್ಲಿ ಎಲ್ಲ ಬಾಗಿಲೂ ಮುಚ್ಚುತ್ತವೆ. ನಮ್ಮ ಊರುಗಳಲ್ಲೂ ಹೀಗೇ ಅಲ್ವೇ? ಹಬ್ಬಕ್ಕೆ ಊಟ ಹಂಚಿಕೊಳ್ಳುತ್ತೇವೆ, ಮದುವೆಗೆ ಕರೆಯುತ್ತೇವೆ, ಉರೂಸಿಗೂ ಜಾತ್ರೆಗೂ ಒಟ್ಟಿಗೆ ಹೋಗುತ್ತೇವೆ. ಸೌಹಾರ್ದ ಅನ್ನುವ ಮಾತಿಗೆ ನಿಜವಾದ ಪರೀಕ್ಷೆ ಬರುವುದು ಮನೆಯ ಮಗಳ ವಿಷಯ ಬಂದಾಗ.

ಡೇವಿಡ್‌ನ ಸಿಟ್ಟು ಎಂಥದ್ದು? ತಂಗಿಯ ಆತ್ಮದ ಗತಿ ಏನಾದೀತು ಎಂಬ ಚಿಂತೆ ಅವನದಲ್ಲ. ಅವನ ಸ್ವಂತ ನಡತೆಯೇ ಯಾವ ಧರ್ಮಕ್ಕೂ ಒಪ್ಪುವಂಥದ್ದಲ್ಲ. ಮನೆಯ ಹೊರಗಿನ ಹೆಣ್ಣಿನ ಮಾನ ಅವನಿಗೆ ಲೆಕ್ಕಕ್ಕಿಲ್ಲ, ತಂಗಿಯ ಮಾನ ಮಾತ್ರ ತನ್ನ ಆಸ್ತಿ. ಇಂಥ ಮನುಷ್ಯನಿಗೆ ಧರ್ಮ ಅನ್ನುವುದು ಗೋಡೆಯ ಮೇಲೆ ತೂಗು ಹಾಕಿದ ಬಂದೂಕಿನ ಹಾಗೆ. ದಿನಾ ಬಳಸುವುದಿಲ್ಲ, ಬೇಕಾದಾಗ ಕೆಳಗಿಳಿಸುತ್ತಾನೆ. ಡೇವಿಡ್ ಹೆಸರನ್ನು ತೆಗೆದು ದಾವೂದ್ ಅಂತಲೋ ದೇವೇಗೌಡ ಅಂತಲೋ ಇಟ್ಟು ನೋಡಿ, ಪಾತ್ರದ ಒಂದು ಮಾತನ್ನೂ ಬದಲಿಸಬೇಕಾಗುವುದಿಲ್ಲ.

ಅದಕ್ಕೇ ಈ ಚಿತ್ರದಲ್ಲಿ ನನಗೆ ಎಲ್ಲರಿಗಿಂತ ಮುಖ್ಯವಾಗಿ ಕಾಣುವುದು ಎಲಿಜಬೆತ್. ಗಂಡನ ಲಂಪಟತನ ಅವಳಿಗೆ ಗೊತ್ತು. ಸಹಿಸಿಕೊಂಡು, ಹೆದರಿಕೊಂಡು, ಮಾತಾಡದೆ ಇದ್ದಾಳೆ. ಇಂಥ ಹೆಣ್ಣುಮಕ್ಕಳನ್ನು ನಾವು ‘ತಾಳ್ಮೆಯವಳು’ ಅಂತ ಹೊಗಳಿ ಮುಗಿಸುತ್ತೇವೆ. ಆದರೆ ನಾದಿನಿಯ ಬದುಕು ಕೈತಪ್ಪಿ ಹೋಗುವ ಹೊತ್ತಿಗೆ ಎಲಿಜಬೆತ್ ಮೇರಿಯ ಪರ ನಿಲ್ಲುತ್ತಾಳೆ. ಆ ಮನೆಯಲ್ಲಿ ಕಳೆದುಕೊಳ್ಳಲು ಹೆಚ್ಚು ಇರುವುದು ಅವಳಿಗೇ. ಮೇರಿ ಹೊರಟು ಹೋಗಬಹುದು, ಎಲಿಜಬೆತ್ ಅದೇ ಗಂಡನ ಜೊತೆ ಅದೇ ಮನೆಯಲ್ಲಿ ಇರಬೇಕು. ಹಾಗಿದ್ದೂ ನಿಲ್ಲುತ್ತಾಳೆ. ಶಿಲುಬೆಯನ್ನು ಬಿಸಾಡದೆಯೇ ನಿಲ್ಲುತ್ತಾಳೆ ಅನ್ನುವುದನ್ನು ಗಮನಿಸಿ. ತಾನು ಇರುವ ಧರ್ಮದಲ್ಲೇ ಇದ್ದು, ಗಂಡನ ಅನ್ಯಾಯವನ್ನು ಅನ್ಯಾಯ ಅನ್ನುವ ಒಬ್ಬ ಹೆಂಗಸು ಈ ಚಿತ್ರದಲ್ಲಿದ್ದಾಳೆ. ಪೋಸ್ಟರಿನಲ್ಲಿ ಅವಳಿಗೆ ಜಾಗವಿಲ್ಲದಿದ್ದರೂ ಕಥೆಯ ನೈತಿಕ ಭಾರ ಹೊತ್ತವಳು ಅವಳೇ.

ಆ ಪಾತ್ರವನ್ನು ಸಿಲ್ಕ್ ಸ್ಮಿತಾ ಮಾಡಿದ್ದಾರೆ ಅನ್ನುವುದಕ್ಕೂ ಅರ್ಥವಿದೆ. ಕನ್ನಡದಲ್ಲಿ ‘ಹಳ್ಳಿ ಮೇಷ್ಟ್ರು’ ನೋಡಿದವರಿಗೆ ಅವರು ಗೊತ್ತು. ಇಂಡಸ್ಟ್ರಿ ಅವರಿಂದ ಕುಣಿತ ಕೇಳಿತು, ಮೈ ಕೇಳಿತು, ಇಂಥ ಪಾತ್ರ ಮತ್ತೆ ಮತ್ತೆ ಕೊಡಲಿಲ್ಲ. 1996ರಲ್ಲಿ ಚೆನ್ನೈನಲ್ಲೇ ಅವರ ಬದುಕು ಅಕಾಲದಲ್ಲಿ ಮುಗಿಯಿತು. ಎಲಿಜಬೆತ್ ಪಾತ್ರ ನೋಡಿದ ಮೇಲೆ, ನಾವು ಎಂಥ ನಟಿಯನ್ನು ಕಳೆದುಕೊಂಡೆವು ಅಂತ ಗೊತ್ತಾಗುತ್ತದೆ.

ಈಗ ಕೊನೆಯ ದೃಶ್ಯ. ಇದರಲ್ಲಿ ಒಂದು ನ್ಯಾಯವಿದೆ. ಹುಡುಗಿ ಮಾತ್ರ ಬಿಟ್ಟು ಬರಲಿ ಅಂತ ಹುಡುಗ ಹೇಳುವುದಿಲ್ಲ, ಅವನೂ ಬಿಡುತ್ತಾನೆ. ಕಳೆದುಕೊಳ್ಳುವುದರಲ್ಲಿ ಇಬ್ಬರಿಗೂ ಸಮಪಾಲು. ಇದನ್ನು ಒಪ್ಪಬೇಕು. ಆದರೆ ಇಲ್ಲಿ ಚಿತ್ರ ಎರಡು ತಪ್ಪು ಮಾಡುತ್ತದೆ.

ಮೊದಲನೆಯದು, ಧರ್ಮ ಅಂದರೆ ಮೈಮೇಲಿನ ವಸ್ತು ಅಂತ ತಿಳಿದಿರುವುದು. ದಾರ ಕಿತ್ತರೆ ಒಂದು ಧರ್ಮ ಹೋಯಿತು, ಸರ ತೆಗೆದರೆ ಇನ್ನೊಂದು ಹೋಯಿತು. ವಿಶ್ವಾಸ ಇರುವವರಿಗೆ ಇದು ನೋವಿನ ಮಾತಿಗಿಂತ ಹೆಚ್ಚಾಗಿ ಅರ್ಧ ಮಾತು. ಕಷ್ಟ ಬಂದ ರಾತ್ರಿ ಮೇರಿ ಯಾರಿಗೆ ಮೊರೆ ಇಡುತ್ತಾಳೆ? ಶಿಲುಬೆ ಬಿಟ್ಟ ಮೇಲೆ ಆ ಮೊರೆ ಎಲ್ಲಿಗೆ ಹೋಗಬೇಕು? ಇದನ್ನು ಕೇಳಿಕೊಳ್ಳಲು ಸಿನಿಮಾಕ್ಕೆ ಪುರುಸೊತ್ತಿಲ್ಲ.

ಎರಡನೆಯದು, ತಪ್ಪು ಮಾಡಿದವನು ಡೇವಿಡ್, ಆದರೆ ಶಿಕ್ಷೆ ಶಿಲುಬೆಗೆ. ಅವನ ದರ್ಪ, ಅವನ ದುಡ್ಡು, ತಂಗಿಯ ಮೇಲೆ ಅವನು ಹೂಡಿದ ಒಡೆತನ ಹಾಗೇ ಉಳಿಯುತ್ತವೆ. ದಾರ ಮತ್ತು ಸರ ನೆಲಕ್ಕೆ ಬಿದ್ದ ಕೂಡಲೇ ನೋಡುವವರಿಗೆ ಏನೋ ದೊಡ್ಡದು ಮುರಿದು ಬಿದ್ದಂತೆ ಅನಿಸುತ್ತದೆ, ಚಪ್ಪಾಳೆ ತಟ್ಟಿ ಎದ್ದು ಬರುತ್ತೇವೆ. ಮುರಿಯಬೇಕಾದ ವಸ್ತು ಮಾತ್ರ ಡೇವಿಡ್‌ನ ಮನೆಯಲ್ಲೇ ಇರುತ್ತದೆ.

ಹೊರಟವರು ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಅಂತಲೂ ಯೋಚಿಸಿ. ತಮಿಳುನಾಡಿನಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಅಣ್ಣಾದುರೈ ಸರ್ಕಾರ 1967ರ ತಿದ್ದುಪಡಿಯಿಂದ ಮಾನ್ಯತೆ ಕೊಟ್ಟಿತ್ತು. ದೊಡ್ಡ ಹೆಜ್ಜೆಯೇ. ಆದರೆ ಅದು ಹಿಂದೂ ವಿವಾಹ ಕಾಯ್ದೆಗೆ ಮಾಡಿದ ತಿದ್ದುಪಡಿ, ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯ. ವಿಚ್ಚು, ಮೇರಿಯಂಥವರಿಗೆ ಸಹಜವಾಗಿ ಉಳಿಯುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಮೊದಲು ಅಧಿಕಾರಿಗೆ ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ, ಆಕ್ಷೇಪಣೆಗೆ 30 ದಿನ ಕಾಯಬೇಕು. ನಗರದವರಿಗೆ ಇದು ಬರೀ ಒಂದು ಫಾರ್ಮ್. ಊರು ಬಿಟ್ಟು ಓಡಿ ಬಂದವರಿಗೆ ಆ ನೋಟಿಸು ಅಣ್ಣನ ಕೈಗೆ ವಿಳಾಸ ಬರೆದು ಕೊಟ್ಟ ಹಾಗೆ. ಸಿನಿಮಾ ಮುಗಿದಲ್ಲಿಂದ ಈ 30 ದಿನ ಶುರುವಾಗುತ್ತದೆ.

ಆ ದಿನಗಳನ್ನು ತೋರಿಸಿದ್ದು 2004ರ ಕೊನೆಯಲ್ಲಿ ಬಂದ ಬಾಲಾಜಿ ಶಕ್ತಿವೇಲ್ ಅವರ ‘ಕಾದಲ್’. ನಮ್ಮಲ್ಲಿ ಗಣೇಶ್, ಅಮೂಲ್ಯ ನಟಿಸಿದ ‘ಚೆಲುವಿನ ಚಿತ್ತಾರ’ (2007) ಇದರದ್ದೇ ರಿಮೇಕ್. ಮದುರೈನ ಬಡ ಮೆಕ್ಯಾನಿಕ್ ಹುಡುಗ, ಬಲಾಢ್ಯ ಜಾತಿಯ ಸಿರಿವಂತರ ಮನೆ ಹುಡುಗಿ, ಇಬ್ಬರೂ ಚೆನ್ನೈಗೆ ಓಡಿ ಬರುತ್ತಾರೆ. ಬಂದು ಸೇರುವುದು ಬ್ಯಾಚುಲರ್‌ಗಳು ಇರುವ ‘ಮ್ಯಾನ್ಷನ್’ ಲೋಕಕ್ಕೆ. ಚೆನ್ನೈ ಗೊತ್ತಿದ್ದವರಿಗೆ ಟ್ರಿಪ್ಲಿಕೇನಿನ ಮ್ಯಾನ್ಷನ್‌ಗಳು ಗೊತ್ತಿರುತ್ತವೆ. ಪಾರ್ಥಸಾರಥಿ ದೇವಸ್ಥಾನವೂ ವಾಲಾಜಾ ದೊಡ್ಡ ಮಸೀದಿಯೂ ಒಂದೇ ಬಡಾವಣೆಯಲ್ಲಿರುವ ಜಾಗ, ಊರು ಬಿಟ್ಟು ಬಂದ ಗಂಡಸರಿಗೆಲ್ಲ ಅಲ್ಲಿ ಒಂದು ಮಂಚ ಸಿಗುತ್ತದೆ. ಗಂಡು ಹೆಣ್ಣು ಇಬ್ಬರಿಗೂ ಸೇರಿ ಒಂದು ಕೋಣೆ ಸಿಗುವುದು ಕಷ್ಟ. ಅಂತೂ ಮದುವೆಯಾಗುತ್ತಾರೆ. ಆದರೂ ಹುಡುಗಿಯ ಮನೆಯವರು ಹುಡುಕಿಕೊಂಡು ಬರುತ್ತಾರೆ, ಉಪಾಯವಾಗಿ ಕರೆದೊಯ್ಯುತ್ತಾರೆ, ಹುಡುಗನನ್ನು ಹುಚ್ಚನಾಗುವ ಹಾಗೆ ಬಡಿಯುತ್ತಾರೆ. ಅವರಿಬ್ಬರ ಧರ್ಮ ಒಂದೇ. ತೆಗೆದು ಬಿಸಾಡಲು ಅಲ್ಲಿ ಶಿಲುಬೆಯೂ ಇಲ್ಲ, ಆದರೂ ಮಾನದ ಲೆಕ್ಕ ತಪ್ಪಲಿಲ್ಲ.

ಇದು ಸಿನಿಮಾದಲ್ಲಿ ಮಾತ್ರ ನಡೆಯುವುದಲ್ಲ. 2016ರ ಮಾರ್ಚ್ 13ರಂದು ತಮಿಳುನಾಡಿನ ಉಡುಮಲೈಪೇಟೆಯಲ್ಲಿ ಬಸ್ ನಿಲ್ದಾಣದ ಬಳಿ ಹಾಡಹಗಲೇ ದಲಿತ ಯುವಕನೊಬ್ಬನನ್ನು ಹೆಂಡತಿಯ ಎದುರೇ ಕೊಚ್ಚಿ ಕೊಂದರು. ಅವಳ ಮೇಲೂ ಹಲ್ಲೆಯಾಯಿತು. ಅವಳು ಬದುಕಿ ಉಳಿದು, ಹೆತ್ತವರ ವಿರುದ್ಧವೇ ಸಾಕ್ಷಿ ಹೇಳಿದಳು. 2018ರ ಮಾರ್ಚ್ 27ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಕುಟುಂಬದ್ದಾಗಲಿ ಸಮುದಾಯದ್ದಾಗಲಿ ಅನುಮತಿ ಬೇಕಾಗಿಲ್ಲ ಎಂದು ಸ್ಪಷ್ಟ ಮಾಡಿತು.

ನಮ್ಮ ಓದುಗರಿಗೆ ಇನ್ನೂ ಹತ್ತಿರದ ಚಿತ್ರ ಮಣಿರತ್ನಂ ಅವರ ‘ಬಾಂಬೆ’ (1995). ತಿರುನೆಲ್ವೇಲಿ ಕಡೆಯ ಹಳ್ಳಿ. ಇಟ್ಟಿಗೆ ಮಾಡುವ ಬಷೀರ್ ಅವರ ಮಗಳು ಶೈಲಾ ಬಾನು, ಊರಿನ ಹಿಂದೂ ಪ್ರಮುಖರ ಮಗ ಶೇಖರ್. ಹಿಂದೂ ತಂದೆಯ ಪಾತ್ರವನ್ನು ಮುಸ್ಲಿಂ ನಟ ನಾಸರ್ ಮಾಡಿದರು, ಮುಸ್ಲಿಂ ತಂದೆಯ ಪಾತ್ರವನ್ನು ಹಿಂದೂ ನಟ ಕಿಟ್ಟಿ ಮಾಡಿದರು. ಪಾತ್ರ ಹಂಚಿದ ಈ ರೀತಿಯಲ್ಲೇ ಒಂದು ಮಾತಿದೆ. ಮದುವೆಯಾದ ಮೇಲೆ ಶೈಲಾ ಬಾನು ಹೆಸರು ಬದಲಾಗುವುದಿಲ್ಲ, ಅವಳು ಮತಾಂತರವಾಗುವುದಿಲ್ಲ. ಅವಳಿ ಮಕ್ಕಳ ಹೆಸರು ಕಬೀರ್ ನಾರಾಯಣ್, ಕಮಲ್ ಬಷೀರ್. ಯಾರೂ ಏನನ್ನೂ ಬಿಸಾಡದೆ ಒಟ್ಟಿಗೆ ಬಾಳಬಹುದು ಅನ್ನುವಲ್ಲಿ ‘ಬಾಂಬೆ’ ‘ಅಲೈಗಳ್’ ಚಿತ್ರಕ್ಕಿಂತ ಮುಂದೆ ಇದೆ.

ಆದರೆ ಅದರ ಹಾಡಿನ ದೃಶ್ಯ ಬೇರೆಯೇ ಹೇಳುತ್ತದೆ. ಕಾಸರಗೋಡಿನ ಬೇಕಲ ಕೋಟೆಯಲ್ಲಿ ಮಳೆಗಾಲದ ಕಡಲೆದುರು ಶೇಖರ್ ಕಾಯುತ್ತಾನೆ, ಶೈಲಾ ಓಡಿ ಬರುತ್ತಾಳೆ. ಅವಳ ಬುರ್ಖಾ ಒಂದು ಲಂಗರಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಅಲ್ಲೇ ಬಿಟ್ಟು ಅವಳು ಓಡುತ್ತಾಳೆ. ಹದಿನಾಲ್ಕು ವರ್ಷ ಹಿಂದೆ ವಿಚ್ಚು ಮೇರಿ ಇಬ್ಬರೂ ಬಿಟ್ಟಿದ್ದರು. ಇಲ್ಲಿ ಬಿಟ್ಟದ್ದು ಹುಡುಗಿ ಒಬ್ಬಳೇ. ಶೇಖರ್‌ನ ಮೈಮೇಲೆ ಸಿಕ್ಕಿಹಾಕಿಕೊಳ್ಳುವಂಥದ್ದು ಏನೂ ಇಲ್ಲ. ಅವನು ‘ಸಾಮಾನ್ಯ ಮನುಷ್ಯ’, ಧರ್ಮ ಇರುವುದು ಅವಳ ಮೈಮೇಲೆ ಮಾತ್ರ. ಕಥೆಯಲ್ಲಿ ಕೊಟ್ಟ ಸಮಾನತೆಯನ್ನು ಕ್ಯಾಮೆರಾ ವಾಪಸು ತೆಗೆದುಕೊಂಡಿತು. ಈ ಟೀಕೆಯನ್ನು ನಾವು ಗಟ್ಟಿಯಾಗಿ ಮಾಡಬೇಕು, ಬರಹದಲ್ಲೇ ಮಾಡಬೇಕು. ಅದೇ ವರ್ಷ ಮದ್ರಾಸಿನಲ್ಲಿ ಮಣಿರತ್ನಂ ಅವರ ಮನೆಗೆ ಬಾಂಬ್ ಎಸೆದು ಅವರನ್ನು ಗಾಯಗೊಳಿಸಿದವರು ಮಾಡಿದ್ದು ಟೀಕೆಯಲ್ಲ, ಡೇವಿಡ್ ಮಾಡಿದ್ದನ್ನೇ.

ಬೇಕಲದಿಂದ ಉತ್ತರಕ್ಕೆ ಸ್ವಲ್ಪ ದೂರ ಬಂದರೆ ಚಂದ್ರಗಿರಿ ಹೊಳೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಅಲ್ಲಿಯವಳು. ಅವಳು ಬೇರೆ ಧರ್ಮದವನನ್ನು ಪ್ರೀತಿಸಿದವಳಲ್ಲ, ಊರು ಬಿಟ್ಟು ಓಡಿದವಳೂ ಅಲ್ಲ. ನಿಕಾಹ್ ಆದ ಗಂಡ ರಶೀದನನ್ನೇ ಪ್ರೀತಿಸಿದಳು. ಆದರೂ ತಂದೆ ಮಹಮ್ಮದ್ ಖಾನರ ಹಠ ಅವಳಿಂದ ಗಂಡನನ್ನೂ ಮಗುವನ್ನೂ ಕಿತ್ತುಕೊಂಡಿತು. ತಲಾಖ್ ಆಯಿತು. ಮತ್ತೆ ಸೇರಬೇಕಾದರೆ ಒಂದು ರಾತ್ರಿ ಇನ್ನೊಬ್ಬನ ಹೆಂಡತಿಯಾಗಬೇಕು ಎಂಬ ಶರತ್ತು ಬಂತು. ಕೊನೆಗೆ ಅವಳಿಗೆ ಸಿಕ್ಕಿದ್ದು ಮಸೀದಿಯ ಕೊಳದ ನೀರು. ಗಂಡನ ಮೇಲಿನ ಪ್ರೀತಿಯೂ ನಿಷಿದ್ಧವಾಗಬಹುದು ಅಂತ ಸಾರಾ ತೋರಿಸಿದರು. ಈಗ ಸಾಲಾಗಿ ಇಟ್ಟು ನೋಡಿ: ಮೇರಿಯದ್ದು ಬೇರೆ ಧರ್ಮ, ‘ಕಾದಲ್’ ಹುಡುಗಿಯದ್ದು ಬೇರೆ ಜಾತಿ, ನಾದಿರಾಳದ್ದು ಎಲ್ಲವೂ ಸರಿಯಿದ್ದ ಮದುವೆ. ಮೂರೂ ಕಡೆ ಸಾಮಾನ್ಯವಾಗಿರುವುದು ಒಂದೇ, ಹೆಣ್ಣಿನ ಬದುಕನ್ನು ತನ್ನ ಮರ್ಯಾದೆ ಅಂತ ತಿಳಿದ ಒಬ್ಬ ಗಂಡಸು.

ಅಂತರಧರ್ಮೀಯ ಮದುವೆಯ ಬಗ್ಗೆ ದೀನ್ ಏನು ಹೇಳುತ್ತದೆ ಎಂಬುದು ಉಲಮಾಗಳ ಚರ್ಚೆ. ಈ ಲೇಖನ ಅದಕ್ಕೆ ಕೈಹಾಕುವುದಿಲ್ಲ. ಆದರೆ ಹುಡುಗಿಯ ಒಪ್ಪಿಗೆಯ ಬಗ್ಗೆ ದೀನ್ ಏನು ಹೇಳುತ್ತದೆ ಅನ್ನುವುದು ಮದರಸದ ಮಕ್ಕಳಿಗೂ ಗೊತ್ತಿರಬೇಕಾದ ಸಂಗತಿ. ಮದುವೆಗೆ ಮೊದಲು ಅವಳ ಒಪ್ಪಿಗೆ ಕೇಳಬೇಕೆಂಬ ಪ್ರವಾದಿವರ್ಯರ ಆದೇಶ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ತನ್ನ ಇಷ್ಟಕ್ಕೆ ವಿರುದ್ಧವಾಗಿ ತಂದೆ ಮಾಡಿಸಿದ ನಿಕಾಹ್ ಬಗ್ಗೆ ಖನ್ಸಾ ಬಿಂತ್ ಖಿದಾಮ್ ದೂರು ತಂದಾಗ ಪ್ರವಾದಿವರ್ಯರು ಆ ನಿಕಾಹನ್ನು ರದ್ದು ಮಾಡಿದರು. ನಮ್ಮ ಕರಾವಳಿಯ ಶಾಫಿಈ ಫಿಕ್ಹ್‌ನಲ್ಲಿ ತಂದೆಗೆ ಕೆಲವು ಶರತ್ತುಗಳೊಂದಿಗೆ ಹೆಚ್ಚಿನ ಅಧಿಕಾರ ಇರುವುದು ನಿಜ, ಅಲ್ಲೂ ಮಗಳನ್ನು ಕೇಳುವುದೇ ಉತ್ತಮ ಎಂದು ಹೇಳಲಾಗಿದೆ. ಹಾಗಾದರೆ ನಮ್ಮ ಎಷ್ಟು ಮನೆಗಳಲ್ಲಿ ಈ ಕೇಳುವಿಕೆ ನಿಜವಾಗಿ ನಡೆಯುತ್ತದೆ? ಮಂಟಪ ಸಿದ್ಧವಾಗಿ, ಬಿರಿಯಾನಿಗೆ ಅಕ್ಕಿ ಬಂದು ಬಿದ್ದ ಮೇಲೆ ಕೇಳುವುದು ಕೇಳುವುದಾಗುತ್ತದೆಯೇ? ಆಗ ಅವಳು ಸುಮ್ಮನಿದ್ದರೆ ಅದು ಒಪ್ಪಿಗೆಯೋ ಹೆದರಿಕೆಯೋ ಅಂತ ನೋಡುವವರು ಯಾರು?

ಇವತ್ತು ಹೊರಗಿನವರು ‘ಲವ್ ಜಿಹಾದ್’ ಅಂತ ಕೂಗಿ ನಮ್ಮ ಹುಡುಗರನ್ನು ಬಸ್ಸಿನಿಂದ ಇಳಿಸಿ ಹೊಡೆಯುವ ಕಾಲ. ಅದರ ವಿರುದ್ಧ ಸಂವಿಧಾನ ಹಿಡಿದು ಮಾತಾಡುತ್ತೇವೆ, ಮಾತಾಡಲೇಬೇಕು. ಆದರೆ ಅದೇ ಬಸ್ಸಿನಲ್ಲಿ ನಮ್ಮ ಹುಡುಗಿಯೊಬ್ಬಳು ಸಹಪಾಠಿಯ ಪಕ್ಕ ಕೂತಿದ್ದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್ಆಪ್ ಗುಂಪಿಗೆ ಹಾಕುವವರು ನಮ್ಮವರೂ ಇದ್ದಾರೆ. ಎರಡೂ ಕಡೆಯವರ ಭಾಷೆ ಒಂದೇ, ‘ನಮ್ಮ ಹುಡುಗಿ’. ಆ ‘ನಮ್ಮ’ ಅನ್ನುವುದರಲ್ಲಿ ಪ್ರೀತಿ ಎಷ್ಟಿದೆ, ಒಡೆತನ ಎಷ್ಟಿದೆ ಅಂತ ಅಳೆದು ನೋಡಿಕೊಳ್ಳಬೇಕು.

ವಿದ್ಯಾರ್ಥಿಗಳು ‘ಅಲೈಗಳ್ ಓಯ್ವದಿಲ್ಲೈ’ ನೋಡುವುದಾದರೆ ಜನಿವಾರ ಶಿಲುಬೆಯ ದೃಶ್ಯಕ್ಕೆ ಚಪ್ಪಾಳೆ ತಟ್ಟಬೇಕೋ ಬೈಯಬೇಕೋ ಅನ್ನುವ ಚರ್ಚೆಯಲ್ಲೇ ನಿಲ್ಲಬೇಡಿ. ಅದಕ್ಕೂ ಮೊದಲಿನ ಭಾಗದಲ್ಲಿ ಎಲಿಜಬೆತ್ ಮಾತಾಡದೆ ನಿಂತಿರುವ ದೃಶ್ಯಗಳನ್ನು, ಆಮೇಲೆ ಅವಳು ಮಾತಾಡುವ ದೃಶ್ಯವನ್ನು ನೋಡಿ. ನೋಡಿ ಮುಗಿಸಿದ ಮೇಲೆ ಮನೆಯಲ್ಲಿ ಅತ್ತಿಗೆ, ಚಿಕ್ಕಮ್ಮ, ಅಜ್ಜಿ ಯಾರಿದ್ದಾರೋ ಅವರ ಹತ್ತಿರ ಕೂತು, ನಿಮ್ಮ ಮದುವೆಗೆ ಮೊದಲು ನಿಮ್ಮನ್ನು ಯಾರಾದರೂ ಕೇಳಿದ್ದರಾ ಅಂತ ಒಂದು ಮಾತು ವಿಚಾರಿಸಿ.